ಐಡಿ ಪ್ಲೇಟಿಗೆ ಪಾಪ್ ರಿವೆಟ್ ಬ್ಯಾಡ, ಮದಲ ಚೆಸ್ಸಿ ನಂಬರ್ ಕಾಪಾಡು

ತಮ್ಮಾ, ನಿನ್ನ ಜಾವಾ 250 ಬೈಕಿನ ಫೋಟೋ ನೋಡಿದೆ. ಐಡಿ ಪ್ಲೇಟು (ಚೆಸ್ಸಿ ನಂಬರ್ ಹೊಡದ ಸಣ್ಣ ತಗಡು) ಕಳದೈತಿ, ಹೊಸಾದು ತರಿಸಿ ಆರ್‌ಸಿ ನೋಡಿ ನಂಬರ್ ಹೊಡಸ್ತೀನಿ, ಹೆಡ್ ಪೈಪಿನ (ಹ್ಯಾಂಡಲ್ ಕೂಡೋ ಫ್ರೇಮಿನ ಮುಂದಿನ ಪೈಪು) ಹಳೇ ತೂತಿಗೆ 4 ಎಂಎಂ ಡ್ರಿಲ್ ಬಿಟ್ ಹಾಕಿ ಪಾಪ್ ರಿವೆಟ್ ಕೂಡಸ್ತೀನಿ, ಸೋಮವಾರ ಫ್ರೇಮ್ ಬ್ಲಾಸ್ಟಿಂಗಿಗೆ (ಗ್ರಿಟ್ ಕಾಳು ಹೊಡದು ತುಕ್ಕು, ಬಣ್ಣ ತಗಿಯೂದಕ್ಕ) ಕೊಡ್ತೀನಿ ಅಂತ ಬರದೀ. ಡ್ರಿಲ್ ಕೆಳಗಿಡು. ಇದ ತಪ್ಪು ನಾನೂ ಮಾಡೇನಿ, ಅದಕ್ಕ ಇಷ್ಟುದ್ದ ಬರಿಯಾಕತ್ತೇನಿ.

ಪ್ಲೇಟಿಗಿಂತ ಮದಲ ಫ್ರೇಮಿನಾಗ ಪಂಚ್ ಆಗಿರೋ ಚೆಸ್ಸಿ ನಂಬರ್ ನೋಡು. ಗಾಡಿಯ ಗುರ್ತು ಅದು, ಪ್ಲೇಟು ಬರೇ ಅದರ ನಕಲು. ಆರ್‌ಸಿ ನೋಡಿ ಪ್ಲೇಟ್ ಮಾಡಬ್ಯಾಡ. ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರಸೋವಾಗ 0 ಹೋಗಿ O ಆಗಿರ್ತೈತಿ, 1 ಹೋಗಿ 7 ಆಗಿರ್ತೈತಿ. ಫ್ರೇಮ್ ಒಂದ್ ಹೇಳಿ ಆರ್‌ಸಿ ಇನ್ನೊಂದ್ ಹೇಳಿದ್ರ ಮದಲ ಆರ್‌ಟಿಒಕ್ಕ ಅರ್ಜಿ, ಆಮ್ಯಾಲ ಪ್ಲೇಟು. ಫ್ರೇಮಿನ ನಂಬರಿಗೆ ಗ್ರೈಂಡರ್ ಹಚ್ಚೂದು, ಮಸಕಾಗೇತಿ ಅಂತ ಮ್ಯಾಲ ಇನ್ನೊಮ್ಮೆ ಪಂಚ್ ಹೊಡಿಯೂದು ಎರಡೂ ಬ್ಯಾಡ. ಎರಡು ಸಲ ಹೊಡದ ಅಕ್ಷರ ಇನ್‌ಸ್ಪೆಕ್ಟರ್ ಕಣ್ಣಿಗೆ ತಿದ್ದಿದ ನಂಬರ್ ಹಂಗ ಕಾಣತೈತಿ, ಗಾಡಿ ಠಾಣೆ ಮುಂದ ನಿಂದರತೈತಿ.

ನಂಬರ್ ಕಾಣವಲ್ದಂದ್ರ ಪೇಂಟ್ ರಿಮೂವರ್ ಹಚ್ಚು. ತುಕ್ಕಿದ್ರ ಕಿರಾಣಿ ಅಂಗಡ್ಯಾಗ ಸಿಗೋ ಸಿಟ್ರಿಕ್ ಆಸಿಡ್ 50 ಗ್ರಾಂ ಲೀಟರ್ ನೀರಿಗೆ ಕಲಸಿ, ಹತ್ತಿ ತೊಯಿಸಿ ನಂಬರಿನ ಮ್ಯಾಲಿಟ್ಟು ಪ್ಲಾಸ್ಟಿಕ್ ಸುತ್ತಿ ಒಂದು ರಾತ್ರಿ ಬಿಡು. ಮುಂಜಾನಿ ಹಿತ್ತಾಳಿ ಬ್ರಷ್‌ಲೇ ತಿಕ್ಕಿ, ತೊಳದು, ಸೀಮೆಸುಣ್ಣ ಬಳದು, ಟಾರ್ಚ್ ಅಡ್ಡ ಹಿಡದು ಫೋಟೋ ತೊಗೊ. ಬ್ಲಾಸ್ಟಿಂಗಿಗೆ ಕೊಡೂಕಿಂತ ಮದಲ ನಂಬರಿನ ಮ್ಯಾಲ ಸೈಕಲ್ ಟ್ಯೂಬಿನ ತುಂಡು ಎರಡು ಪದರ ಇಟ್ಟು ಗಟ್ಟಿ ಟೇಪ್ ಸುತ್ತು. ಇಲ್ಲಂದ್ರ ಗ್ರಿಟ್ ಅಕ್ಷರದ ಅಂಚು ತಿಂದುಬಿಡತೈತಿ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಬಿಸಿಗೆ ಕರಗಿಸಿ ಹತ್ತಿಸೋದು) ದಪ್ಪ ಕುಂದರತೈತಿ, ನಂಬರ್ ತುಂಬಿ ಮುಚ್ಚಿ ಹೋಗತೈತಿ. ಅಷ್ಟು ಜಾಗಾ ಹೈ-ಟೆಂಪ್ ಟೇಪ್ ಹಾಕಿಸಿ ಬಿಡಿಸಿ, ಆಮ್ಯಾಲ ತೆಳ್ಳಗ ಸ್ಪ್ರೇ ಹೊಡಿ. ನನ್ನ ಕೇಳಿದ್ರ ಹಳೇ ಗಾಡಿಗೆ ಪೌಡರ್ ಕೋಟಿಂಗ್ ಬ್ಯಾಡ, ಸ್ಟೋವ್ ಎನಾಮಲ್ (ಭಟ್ಟ್ಯಾಗ ಒಣಗಿಸೋ ಬಣ್ಣ) ಸಾಕು.

ಈಗ ರಿವೆಟ್ಟಿನ ಮಾತು. ಹೆಡ್ ಪೈಪಿನ ಒಳಗ ಟಿ-ಸ್ಟೆಮ್ (ಹ್ಯಾಂಡಲ್ ಜೋಡಿ ತಿರಗೋ ಕಂಬಿ) ತಿರಗತೈತಿ. ಪಾಪ್ ರಿವೆಟ್ಟಿನ ಬಾಲ ಒಳಗ ಉಬ್ಬತೈತಿ. ಕೋನ್‌ಸೆಟ್ಟಿನ (ಹ್ಯಾಂಡಲ್ ಬೇರಿಂಗಿನ) ಹತ್ರ ಇದ್ರ ಬಾಲ್ ರೇಸ್ (ಗುಂಡು ಉರುಳೋ ಬಳಿ) ಸಮ ಕುಂದ್ರಂಗಿಲ್ಲ, ನಡುವ ಇದ್ರ ರಿವೆಟ್ಟಿನ ನಡುಗಂಬಿಯ ತೂತಿನಾಗ ಮಳಿನೀರು ಇಳದು ಗ್ರೀಸ್ ಹಾಳಾಗತೈತಿ. ಬೇಕಾದ್ದು ಹ್ಯಾಮರ್ ಡ್ರೈವ್ ಸ್ಕ್ರೂ, ಮೈತುಂಬ ಓರಿ ಸುರುಳಿ ಇರೋದು, ಸುತ್ತಿಗಿಲೇ ಹೊಡಿಯೋದು. 2 ನಂಬರ್ ಸೈಜಿಗೆ 2.2 ಎಂಎಂ ತೂತು, 4 ನಂಬರಿಗೆ 2.6 ಎಂಎಂ. ಉದ್ದ 3/16 ಇಂಚು ಸಾಕು, ಆದ್ರೂ ಹೊಡಿಯೂಕಿಂತ ಮದಲ ಪೈಪಿನ ಗ್ವಾಡಿ ದಪ್ಪ ಅಳದು ನೋಡು. ತೂತಿನಾಗ ಹಳೇದರ ತುಂಡು ಉಳದಿದ್ರ ಡ್ರಿಲ್ ಮಾಡಬ್ಯಾಡ, ಅದು ಗಟ್ಟಿ ಉಕ್ಕು, ಬಿಟ್ ಜಾರಿ ತೂತು ಸೊಟ್ಟ ಆಗತೈತಿ. ತಲಿ ಇದ್ರ ಸಣ್ಣ ಗರಗಸಲೇ ಗೀರು ಹಾಕಿ ಎಡಕ್ಕ ತಿರುವು, ಸುರುಳಿ ಇರೋದಕ್ಕ ಹೊರಗ ಬರತೈತಿ. ತೂತು ಸಡಲಾಗಿದ್ರ ಒಂದು ಸೈಜ್ ದೊಡ್ಡದು ಹಾಕು, ಇಲ್ಲಾ ನಿಧಾನ ಒಣಗೋ ಅರಾಲ್ಡೈಟ್ ಒಂದು ಚುಕ್ಕಿ. ಫೆವಿಕ್ವಿಕ್ ಹಚ್ಚಬ್ಯಾಡ, ಗಾಡಿ ಅದರೂದಕ್ಕ ಬಿರಕ್ ಬಿಡತೈತಿ.

ಪ್ಲೇಟು ರೆಡಿ ತರಿಸಿದ್ರ ತೂತಿನ ಅಂತರ ಕೂಡಂಗಿಲ್ಲ, ಅದಕ್ಕ ಮನ್ಯಾಗ ಮಾಡೂದ ಚೊಲೊ. ನಿನ್ನ ವರ್ಷದ್ದ ಇನ್ನೊಂದು ಗಾಡಿ ಹುಡುಕಿ ಅದರ ಪ್ಲೇಟಿನ ಮ್ಯಾಲ ಕಾಗದ ಇಟ್ಟು ಪೆನ್ಸಿಲ್ ತಿಕ್ಕು, ಸ್ಟೀಲ್ ಪಟ್ಟಿ ಬಾಜೂಕ ಇಟ್ಟು ನೆಟ್ಟಗ ಫೋಟೋ ತೊಗೊ. ತೂತಿನ ಅಂತರ ಮಾತ್ರ ನಿನ್ನ ಫ್ರೇಮಿನ ಮ್ಯಾಲ ವರ್ನಿಯರ್‌ಲೇ ಅಳಿ.

0.5 ಎಂಎಂ ಅಲ್ಯೂಮಿನಿಯಂ ಶೀಟ್, ಮೈಲುತುತ್ತ, ಉಪ್ಪು. ಇಷ್ಟರಾಗ ಆಗತೈತಿ. ಬೆಳಿಗೆ ಸಿಂಪಡಸೋ ಬೋರ್ಡೊ ದ್ರಾವಣಕ್ಕ ತೊಗೊಳ್ಳೋ ಮೈಲುತುತ್ತನ ಇದು, ಹಾವೇರಿ ಕಡೆ ಯಾವ ಗೊಬ್ಬರದ ಅಂಗಡ್ಯಾಗೂ ಸಿಗತೈತಿ. ಕಡುನೀಲಿ ಹರಳೇ ಆಗಿರಬೇಕು, ಹಸರು ಕಂಡ್ರ ಅನ್ನಭೇದಿ ಬೆರಕಿ. ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಉಪ್ಪು, ಪ್ಲಾಸ್ಟಿಕ್ ಡಬ್ಬ್ಯಾಗ ಕಲಸು. ಡಿಸೈನ್ ಉಲ್ಟಾ ಮಾಡಿ ನುಣ್ಣನ ಮ್ಯಾಗಝಿನ್ ಹಾಳಿ ಮ್ಯಾಲ ಲೇಸರ್ ಪ್ರಿಂಟ್ ತಗಿಸು, ಇಂಕ್‌ಜೆಟ್ ನಡ್ಯಂಗಿಲ್ಲ, ಟೋನರೇ (ಲೇಸರ್ ಪ್ರಿಂಟಿನ ಕರಿ ಪುಡಿ) ಬೇಕು; ಅದು ಮುಚ್ಚಿದ ಜಾಗಾ ಉಳಿತೈತಿ, ಬಿಟ್ಟ ಜಾಗಾ ದ್ರಾವಣ ಕೊರಿತೈತಿ. ಶೀಟನ್ನ 600 ನಂಬರ್ ಉಜ್ಜೋ ಪೇಪರಿಲೇ ತಿಕ್ಕಿ, ಸೋಪು ಹಾಕಿ ತೊಳದು, ಆಮ್ಯಾಲ ಬೆರಳ ಹಚ್ಚಬ್ಯಾಡ. ಕೈಯಿನ ಎಣ್ಣಿ ಇದ್ದಲ್ಲೆ ಟೋನರ್ ಹತ್ತಂಗಿಲ್ಲ, ಅಲ್ಲಿನ ಅಕ್ಷರ ದ್ರಾವಣದಾಗ ಕರಗಿ ಹೋಗತೈತಿ, ಪ್ಲೇಟು ಬಿಸಾಡೂದ. ಇಸ್ತ್ರಿ ಕಾಟನ್ ಬಿಸಿಗಿಟ್ಟು 3 ನಿಮಿಷ ಒತ್ತು, ನೀರಾಗ ನೆನೆಸಿ ಹಾಳಿ ಉಜ್ಜಿ ತಗಿ. ಹಿಂದಿನ ಬಾಜೂಕ, ಅಂಚಿಗೆ ಪ್ಯಾಕಿಂಗ್ ಟೇಪ್.

ಮುಖ ಕೆಳಗ ಮಾಡಿ ಮುಳಗಿಸು. ಕೆಂಪನ ತಾಮ್ರದ ಕೆಸರು ಕೆಳಗ ಬೀಳತೈತಿ, ಮುಖ ಮ್ಯಾಲ ಮಾಡಿದ್ರ ಅದ ಕುಂತು ಕೊರಿಯೂದು ಒಂದ್ಸಮ ಆಗಂಗಿಲ್ಲ. ಎರಡು ನಿಮಿಷಕ್ಕೊಮ್ಮೆ ತಗದು ಮೆತ್ತನ ಬ್ರಷ್‌ಲೇ ಕೆಸರು ಒರಸು. ದ್ರಾವಣ ಬಿಸಿ ಆದ್ರ ತಗದು ಆರಿಸಿ ಮತ್ತ ಹಾಕು, ಇಲ್ಲಂದ್ರ ಟೋನರ್ ಏಳತೈತಿ. ಉಗುರಿಗೆ ಹತ್ತೋವಷ್ಟು, ಅಂದ್ರ ಸುಮಾರು 0.1 ಎಂಎಂ ಆಳ ಸಾಕು. ಹೈಡ್ರೋಜನ್ ಬರತೈತಿ, ಪಕ್ಕದಾಗ ಬೀಡಿ ಹಚ್ಚೂದು ಬ್ಯಾಡ, ಕಿಡಕಿ ತೆರಿ, ಕೈಗೆ ಗ್ಲೌಸು, ಕಣ್ಣಿಗೆ ಚಾಳೀಸು. ಉಳದ ನೀಲಿ ನೀರು ಗಟಾರಕ್ಕ, ಹೊಲಕ್ಕ ಸುರವಬ್ಯಾಡ. ಅಲ್ಯೂಮಿನಿಯಂ ತುಂಡು ಹಾಕಿ ನೀಲಿ ಬಣ್ಣ ಪೂರ್ತಿ ಹೋಗೂ ತನಕ ಬಿಡು, ಕೆಸರು ಸೋಸಿ ಡಬ್ಬ್ಯಾಗ ತುಂಬಿ ಬ್ಯಾರೆ ಇಡು. ಪ್ಲೇಟಿನಾಗ ತಾಮ್ರ ಉಳಿದ್ರ ಮಳಿಗಾಲದಾಗ ಬಿಳಿ ಹುಡಿ ಏಳತೈತಿ, ಚಂದಂಗ ಸೋಪಿಲೇ ತೊಳಿ. ಹಿತ್ತಾಳಿ ಪ್ಲೇಟಾದ್ರ ಇದು ಬರಂಗಿಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಯ ಫೆರಿಕ್ ಕ್ಲೋರೈಡ್ ಬೇಕು. ಗದಗಿನಾಗ ಹಳೇ ಪ್ರೆಸ್ಸಿನ ಬ್ಲಾಕ್ ಮಾಡೋರು ಗುರ್ತಿದ್ರ ಅವರ ಹತ್ರ ಮಾಡಿಸಿದ್ರ ಇನ್ನೂ ಚೊಲೊ, ಜಿಂಕ್ ಬ್ಲಾಕಿನ ಕಸಬು ಇದಕ್ಕಿಂತ ನಾಜೂಕು.

ಕರಿ ಎನಾಮಲ್ ತುಂಬಿಸಿ, ಒಣಗಿದ ಮ್ಯಾಲ 1000 ಪೇಪರ್ ಸಪಾಟ ಕಟಿಗಿಗೆ ಸುತ್ತಿ ನೀರ್ ಹಾಕಿ ಉಜ್ಜು. ನಂಬರ್ ಪಂಚ್ ಮಾಡೂದು ಬಗ್ಗಸೂಕಿಂತ ಮದಲ. ಉಕ್ಕಿನ ಗಟ್ಟಿ ಮ್ಯಾಲ ಟೇಪ್ ಹಚ್ಚಿ ಕೂಡಿಸಿ, ಸ್ಟೀಲ್ ಪಟ್ಟಿ ಆಧಾರಕ್ಕ ಇಟ್ಟು, ಒಂದ ಏಟು. ಕಟಿಗಿ ಮ್ಯಾಲ ಹೊಡದ್ರ ತಗ್ಗು ಬಿದ್ದು ಪ್ಲೇಟು ಮುದರತೈತಿ. ಮದಲ ಬ್ಯಾರೆ ತುಂಡಿನ ಮ್ಯಾಲ ಪೂರ್ತಿ ನಂಬರ್ ಹೊಡದು ಅಕ್ಷರದ ಅಂತರ ನೋಡ್ಕೊ. ಬಗ್ಗಸೋವಾಗ ಹೆಡ್ ಪೈಪಿಗಿಂತ ಸಣ್ಣ ಪೈಪಿನ ಮ್ಯಾಲ ಬಗ್ಗಸು, ಬಿಟ್ಟಾಗ ಚೂರು ತಿರುಗಿ ಬಿಚ್ಚತೈತಿ. ಹಿಂದಕ್ಕ ಪ್ರೈಮರ್ ಹೊಡಿ, ಅಲ್ಯೂಮಿನಿಯಂ ಕಬ್ಬಣಕ್ಕ ನೇರ ಹತ್ತಬಾರದು. ಮ್ಯಾಲ 2ಕೆ ಕ್ಲಿಯರ್ (ಗಟ್ಟಿ ಮಾಡೋ ಮದ್ದು ಬೆರಸಿ ಹೊಡಿಯೋ ಪಾರದರ್ಶಕ ವಾರ್ನಿಶ್) ಹೊಡಿ, ಉಗುರಿನ ಪಾಲಿಶ್ ಬ್ಯಾಡ, ಅದು ಪೆಟ್ರೋಲ್ ಹನಿಗೆ ಕರಗತೈತಿ. ಆಮ್ಯಾಲ ಬ್ರಾಸೋ (ಲೋಹದ ಪಾಲಿಶ್) ತಿಕ್ಕಬ್ಯಾಡ, ಕ್ಲಿಯರ್ ಸವದು ಕರಿ ಬಣ್ಣ ಕೀಳತೈತಿ.

ಇನ್ನೊಂದು. ಮದಲ ನೋಂದಣಿಯಿಂದ 50 ವರ್ಷ ದಾಟಿದ್ರ 2021ರ ವಿಂಟೇಜ್ ನಿಯಮದಾಗ ನೋಂದಣಿ ಮಾಡಿಸಬಹುದು, ಫೀ 20,000 ರೂಪಾಯಿ, 10 ವರ್ಷಕ್ಕ. ಗಾಡಿ ಮೂಲ ರೂಪದಾಗ ಇರಬೇಕು, ದಿನಾ ಓಡಸಾಕ ಬಿಡಂಗಿಲ್ಲ, ಪ್ರದರ್ಶನ, ರ್‍ಯಾಲಿಗೆ ಅಷ್ಟ. ದಿನಾ ಹತ್ತಾಂವ ಆದ್ರ ಅದರ ಗೊಡವಿ ಬ್ಯಾಡ. ಯಾವುದಕ್ಕೂ ಹಳೇ ತೂತು, ಫ್ರೇಮ್ ನಂಬರ್, ಹೊಸ ಪ್ಲೇಟು ಮೂರರ ಫೋಟೋ ತಾರೀಖು ಹಾಕಿ ಆರ್‌ಸಿ ಜತಿ ಇಡು. ಮತ್ತ ಖಾಲಿ ಪ್ಲೇಟ್ ಮಾಡಿ ಯಾರಿಗೂ ಕೊಡಬ್ಯಾಡ, ದುಡ್ಡಿಗೂ ಬ್ಯಾಡ, ಗೆಳೆತನಕ್ಕೂ ಬ್ಯಾಡ. ಕದ್ದ ಗಾಡಿಗೆ ಹೋಗಿ ಕುಂತ್ರ ನಿನ್ನ ಹೆಸರು ಬರತೈತಿ.

ಬ್ಲಾಸ್ಟಿಂಗ್ ಸೋಮವಾರ ಅಂದಿ ಅಲ್ಲ, ನಾಳೆ ಮುಂಜಾನಿ ಟ್ಯೂಬ್ ಸುತ್ತಿ ನಂಬರಿನ ಫೋಟೋ ಇಲ್ಲೆ ಹಾಕು, ನೋಡ್ತೀನಿ.