ರೂಟ್ ಆದ ಫೋನಿನಲ್ಲಿ ಕಾಲ್ ರೆಕಾರ್ಡರ್ ಸಿಸ್ಟಮ್ ಆಪ್ ಆಗುತ್ತಿಲ್ಲವೇ?

ಸೋಮವಾರಪೇಟೆಯ ಓದುಗರೊಬ್ಬರ ಪ್ರಶ್ನೆ: ಆಂಡ್ರಾಯ್ಡ್ 11 ಫೋನನ್ನು ರೂಟ್ ಮಾಡಿದ್ದೇನೆ (ಪೂರ್ತಿ ನಿಯಂತ್ರಣ ಪಡೆದಿದ್ದೇನೆ). ಕಾಫಿ ವ್ಯಾಪಾರಿ ಹೇಳುವ ರೇಟು ರೆಕಾರ್ಡ್ ಮಾಡಲು ಕಾಲ್ ರೆಕಾರ್ಡರನ್ನು ಸಿಸ್ಟಮ್ ಆಪ್ (ಫೋನಿನ ಜೊತೆಗೇ ಬಂದ ಆಪ್‌ನಂತೆ) ಮಾಡಲು ಹೋದರೆ 'ರೀಡ್ ಓನ್ಲಿ' ಎರರ್ ಬರುತ್ತಿದೆ.

ನಿಮಗೆ ಬರುತ್ತಿರುವ 'ರೀಡ್ ಓನ್ಲಿ' ಎರರ್‌ಗೆ ಬಹುಶಃ ಸಿಸ್ಟಮ್ ಪಾರ್ಟಿಷನ್ನೇ (ಆಂಡ್ರಾಯ್ಡ್ ಇರುವ ಮೆಮೊರಿ ಭಾಗ) ಕಾರಣ, ರೂಟ್ ಅಲ್ಲ. ಆಂಡ್ರಾಯ್ಡ್ 10ರಿಂದ ಈಚಿನ ಹೆಚ್ಚಿನ ಫೋನ್‌ಗಳಲ್ಲಿ ಅದಕ್ಕೆ ನೇರವಾಗಿ ಬರೆಯಲು ಆಗುವುದಿಲ್ಲ. ನಿಮ್ಮದು 11. ಫೈಲ್ ಮ್ಯಾನೇಜರ್‌ನಲ್ಲಿ ಸುಮ್ನೆ ಕಾಪಿ ಮಾಡುತ್ತಾ ಕೂರಬೇಡಿ.

ರೂಟ್ ಮಾಡುವ ಟೂಲ್ ಆದ ಮ್ಯಾಜಿಸ್ಕ್‌ಗೆ ಒಂದು ಮಾಡ್ಯೂಲ್ (ಸೇರಿಸಬಹುದಾದ ಫೋಲ್ಡರ್) ಮಾಡಿಕೊಳ್ಳಿ. ಅದು ಸಿಸ್ಟಮ್ ಅನ್ನು ಮುಟ್ಟದೆ, ಬೂಟ್ ಆಗುವಾಗ ನಿಮ್ಮ ಫೈಲನ್ನು ಅದರ ಮೇಲೆ ಹಾಸುತ್ತದೆ. ಮೊದಲು ಡೇಟಾ ಬ್ಯಾಕಪ್ ತೆಗೆದು ಚಾರ್ಜ್ ಫುಲ್ ಮಾಡಿ. ಸೋಮವಾರಪೇಟೆ ಅಂದಿದ್ದೀರಿ, ಈ ಮಳೆಯಲ್ಲಿ ಕರೆಂಟ್ ನಂಬೋಕಾಗಲ್ಲ ಅಲ್ವಾ.

ಮಾಡ್ಯೂಲ್ ಫೋಲ್ಡರ್‌ನಲ್ಲಿ ಹೆಸರು, ಐಡಿ, ವರ್ಷನ್ ಇರುವ ಪ್ರಾಪ್ ಫೈಲ್ (module.prop) ಇರಲಿ. ಅದೇ ಮಾಡ್ಯೂಲ್ ಫೋಲ್ಡರ್‌ನೊಳಗೆ ಸಿಸ್ಟಮ್ ಫೋಲ್ಡರ್, ಅದರೊಳಗೆ ಪ್ರಿವ್-ಆಪ್ (priv-app), ಅದರೊಳಗೆ ಆಪ್ ಹೆಸರಿನ ಫೋಲ್ಡರ್, ಕೊನೆಗೆ ಎಪಿಕೆ (ಆಪ್‌ನ ಇನ್‌ಸ್ಟಾಲ್ ಫೈಲ್). ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಎಂಬುದರ ಸಂಖ್ಯೆ). ಪ್ಲೇ ಸ್ಟೋರ್‌ನಿಂದ ತೆಗೆದ ಎಪಿಕೆ ಸಾಮಾನ್ಯವಾಗಿ ತುಂಡು ತುಂಡಾಗಿರುತ್ತದೆ, ಒಂದೇ ಫೈಲ್ ಇರುವುದನ್ನು ಹುಡುಕಿ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ಕಾಫಿ ವ್ಯಾಪಾರಿ ಹೇಳಿದ ರೇಟು ರೆಕಾರ್ಡ್ ಆಗಬೇಕಾದರೆ ಆಪ್‌ಗೆ ಕರೆಯ ಆಡಿಯೋ ಹಿಡಿಯುವ ವಿಶೇಷ ಪರ್ಮಿಷನ್ ಬೇಕು. ಅದನ್ನು ಪ್ಯಾಕೇಜ್ ಹೆಸರಿನ (ಆಪ್‌ನ ಒಳಹೆಸರು) ಜೊತೆ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದು, ಮಾಡ್ಯೂಲಿನ ಸಿಸ್ಟಮ್ ಫೋಲ್ಡರ್‌ನಲ್ಲಿ ಇಟಿಸಿ, ಅದರೊಳಗೆ ಪರ್ಮಿಷನ್ಸ್ ಫೋಲ್ಡರ್ ಮಾಡಿ ಹಾಕಿ. ಇದು ಬಿಟ್ಟುಹೋದರೆ ಫೋನ್ ಲೋಗೋದಲ್ಲೇ ನಿಲ್ಲಬಹುದು.

ನಿಂತರೆ ಗಾಬರಿ ಬೇಡ. ಸೇಫ್ ಮೋಡ್‌ಗೆ ಹೋದರೆ ಮಾಡ್ಯೂಲ್‌ಗಳೆಲ್ಲ ಆಫ್ ಆಗುತ್ತವೆ. ಸಾಮಾನ್ಯವಾಗಿ ಬೂಟ್ ಆಗುವಾಗ ವಾಲ್ಯೂಮ್ ಡೌನ್ ಒತ್ತಿ ಹಿಡಿಯಬೇಕು. ಮಾಡೆಲ್ ಹೇಳಿಲ್ಲ ನೀವು, ಬಟನ್ ಬೇರೆ ಇರಬಹುದು.

ಮಾಡ್ಯೂಲನ್ನು ಮ್ಯಾಜಿಸ್ಕ್‌ಗೆ ಸೇರಿಸಿ, ರೀಬೂಟ್ ಆದ ಮೇಲೆ ಆಪ್ ಇನ್ಫೋ ನೋಡಿ. ಅನ್‌ಇನ್‌ಸ್ಟಾಲ್ ಹೋಗಿ ಡಿಸೇಬಲ್ ಬಂದಿದ್ದರೆ ಕೆಲಸ ಆಗಿದೆ.