ಎತ್ತದೆ ಉಳಿದ ಕೈ

(ಉಡುಪಿ ಸಮೀಪದ ಓದುಗರೊಬ್ಬರು ಬರೆದ ಪತ್ರದ ಸಾರ: ‘ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಜಾಗವನ್ನು ಗುತ್ತಿಗೆಗೆ ಕೊಡುವ ನಿರ್ಣಯಕ್ಕೆ ಲೆಕ್ಕಪತ್ರ ತೋರಿಸದೆಯೇ ಕೈ ಎತ್ತಲು ಹೇಳಿದರು. ನಾನೊಬ್ಬ ಎತ್ತಲಿಲ್ಲ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಬೈಬಲಿನಲ್ಲಿ ಪೌಲನೇ ಬರೆದಿದ್ದಾನೆ, ನೀನು ದೇವರ ನೇಮಕಕ್ಕೇ ಎದುರು ನಿಂತಿದ್ದೀ ಎಂದು ಹಿರಿಯರು ಗದರಿದರು. ಒಂದು ತಿಂಗಳಿನಿಂದ ಆರಾಧನೆಗೆ ಹೋಗಿಲ್ಲ. ನಾನು ಮಾಡಿದ್ದು ಪಾಪವೇ?’)

ಪ್ರಿಯ ಸಹೋದರರೇ,

ಪಾಪವಲ್ಲ. ಕೊನೆಯ ಆ ಪ್ರಶ್ನೆಯನ್ನು ನೀವು ಎರಡು ಬಾರಿ ಬರೆದು, ಎರಡು ಬಾರಿಯೂ ಹೊಡೆದುಹಾಕಿ, ಮತ್ತೆ ಬರೆದಿದ್ದೀರಿ. ಅದಕ್ಕೇ ಉತ್ತರವನ್ನು ಮೊದಲು ಹೇಳಿಬಿಟ್ಟೆ.

ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಕಂದಾಯ, ಸುಂಕ ಕೇಳುವ ಸರಕಾರದ ವಿಷಯ, ಸಭೆಯ ಸಮಿತಿಯದ್ದಲ್ಲ. ಅದಿರಲಿ, ಅದನ್ನು ಬರೆದ ಪೌಲ ತಾನು ಹೇಗೆ ನಡೆದುಕೊಂಡ? ಫಿಲಿಪ್ಪಿ ಪಟ್ಟಣದಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ವಿಚಾರಣೆಯಿಲ್ಲದೆ ಛಡಿಗಳಿಂದ ಹೊಡೆಸಿ ಸೆರೆಮನೆಗೆ ಹಾಕಿದರು. ಬೆಳಗಾದ ಮೇಲೆ, ಬಿಟ್ಟಿದ್ದೇವೆ, ಹೋಗಬಹುದು ಎಂದು ಅಧಿಕಾರಿಗಳು ಹೇಳಿಕಳುಹಿಸಿದರು. ಪೌಲ ಕದಲಲಿಲ್ಲ. ರೋಮನ್ ಪೌರರನ್ನು ಎಲ್ಲರೆದುರು ಹೊಡೆಸಿದವರು ಈಗ ಗುಟ್ಟಾಗಿ ಕಳುಹಿಸುವುದೇ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಅವರು ಬಂದರು, ಸಮಾಧಾನ ಹೇಳಿ ಕರೆದುಕೊಂಡು ಹೋದರು. ಅಧಿಕಾರದ ಮೇಲೆ ಗೌರವವಿದ್ದುದರಿಂದಲೇ ಅದು ತನ್ನ ಕಾನೂನಿನಂತೆ ನಡೆಯಬೇಕೆಂದು ಅವನು ಹಟ ಹಿಡಿದ. ಲೆಕ್ಕ ನೋಡದೆ ನೀವು ಕೈ ಎತ್ತದೆ ಉಳಿದದ್ದು ಇದೇ ಸಾಲಿಗೆ ಸೇರುತ್ತದೆ.

1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲೇ ಹುಟ್ಟಿದವರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಿದ್ದಾಗ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿ ಬಂತು. ಕ್ರೈಸ್ತನಾಗಿ ತನ್ನ ಹೊಣೆಗೆ ಒಪ್ಪುವಷ್ಟರ ಮಟ್ಟಿಗೆ ಎಂಬ ಮಾತು ಸೇರಿಸದೆ ಮಾಡಲಾರೆ ಎಂದರು. 1935ರಲ್ಲಿ ಹುದ್ದೆ ಹೋಯಿತು, ಬಾಸೆಲ್‌ಗೆ ಮರಳಿದರು. ನಿಮ್ಮ ಹಿರಿಯರನ್ನು ಹಿಟ್ಲರನಿಗೆ ಹೋಲಿಸುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನನಗೆ ಮುಖ್ಯವಾದದ್ದು ಬಾರ್ತ್ ಸೇರಿಸಲು ಬಯಸಿದ ಆ ಒಂದು ಮಾತು.

ನಾನು ಕೈ ಎತ್ತಿದ್ದೇನೆ. ವರ್ಷಗಳ ಹಿಂದೆ, ಸಮಿತಿಯೊಂದರಲ್ಲಿ, ಗಂಟೆ ಬಾರಿಸುತ್ತಿದ್ದ ವೃದ್ಧರೊಬ್ಬರನ್ನು ಕೆಲಸದಿಂದ ತೆಗೆಯುವ ನಿರ್ಣಯಕ್ಕೆ. ಅವರ ತಪ್ಪೇನೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಕ್ಕದವರ ಕೈ ಮೇಲೇರಿತು, ನನ್ನದೂ ಏರಿತು. ಹೊರಗೆ ಜೋರು ಮಳೆ. ಬಾಗಿಲ ಬಳಿ ಆ ವೃದ್ಧರೇ, ಏನೂ ತಿಳಿಯದೆ, ನನ್ನ ಕೊಡೆಯನ್ನು ಹುಡುಕಿ, ನೀರು ಕೊಡವಿ, ಬಿಡಿಸಿ ಕೊಟ್ಟರು. ನಾನು ಅವರ ಮುಖ ನೋಡಲಿಲ್ಲ.

ಆದರೆ ನೀವು ಆರಾಧನೆ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಸಭೆ ಹಿರಿಯರದ್ದು ಮಾತ್ರವಲ್ಲ, ನಿಮ್ಮದೂ ಹೌದು. ಬರುವ ಭಾನುವಾರ ಹೋಗಿ ಎಂದಿನ ಬೆಂಚಿನಲ್ಲೇ ಕುಳಿತುಕೊಳ್ಳಿ. ಹಿರಿಯರಿಗೆ ನೀವೇ ಮೊದಲು ನಮಸ್ಕಾರ ಹೇಳಿ. ಲೆಕ್ಕಪತ್ರದ ಕೋರಿಕೆಯನ್ನು ಬರೆದು ಕಾರ್ಯದರ್ಶಿಯವರಿಗೆ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ಅವರು ಏನು ಉತ್ತರ ಕೊಟ್ಟರೆಂದು ಮಂಗಳೂರಿಗೆ, ನನ್ನ ಹೆಸರಿಗೇ ಬರೆಯಿರಿ.

– ಸಂಪಾದಕ