ಝೋಡಿಯಾಕ್ ಏಜ್ ರೀಮಾಸ್ಟರ್ ಅನ್ನು ಅರ್ಧ ಜನ ಹೊಗಳ್ತಾರೆ, ಅರ್ಧ ಜನ ‘ತಾನೇ ಆಡಿಕೊಳ್ಳೋ ಆಟ’ ಅಂತಾರೆ. ಯಾರ ಮಾತು ನಂಬಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಪುಣೆಯಲ್ಲಿ ಇದ್ದೀರಿ, ಪಿಎಸ್4 (ಪ್ಲೇಸ್ಟೇಷನ್ 4) ಇದೆ, ಫೈನಲ್ ಫ್ಯಾಂಟಸಿ 12 ಅನ್ನೋ ಹಳೇ ವೀಡಿಯೊ ಗೇಮ್ ಅನ್ನು ತಿದ್ದಿ ಹೊಸದಾಗಿ ತಂದ ಆವೃತ್ತಿ (ರೀಮಾಸ್ಟರ್) ಝೋಡಿಯಾಕ್ ಏಜ್‌ನ ಡಿಸ್ಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತಿದೆ. ಆಡಿದವರ ಅಭಿಪ್ರಾಯ ಓದಿದರೆ ಒಬ್ಬರು ಸರಣಿಯಲ್ಲೇ ಶ್ರೇಷ್ಠ ಅಂತಾರೆ, ಇನ್ನೊಬ್ಬರು ಕಂಟ್ರೋಲರ್ ಕೆಳಗಿಟ್ಟರೂ ಆಟ ನಡೀತಾ ಇರುತ್ತೆ ಅಂತಾರೆ. ತಗೋಬೇಕಾ, ಬೇಡವಾ?

ತಗೊಳ್ಳಿ. ಆದರೆ ಆ ಅಭಿಪ್ರಾಯಗಳನ್ನು ಓದುವಾಗ ಎರಡು ವಿಷಯ ನೋಡಿ: ಬರೆದವರು ಯಾವ ಆವೃತ್ತಿ ಆಡಿದ್ದಾರೆ, ಮತ್ತು ಗ್ಯಾಂಬಿಟ್ ಪಟ್ಟಿಯನ್ನು (ಪಾತ್ರಗಳು ತಾವೇ ಏನು ಮಾಡಬೇಕು ಅನ್ನೋ ನಿಯಮಗಳ ಪಟ್ಟಿ) ತಲೆ ಓಡಿಸಿ ಬರೆದಿದ್ದಾರಾ. ಜಗಳದ ಬಹುಪಾಲು ಇಲ್ಲೇ ಹುಟ್ಟೋದು.

ಈ ಆಟ ಮೂರು ಸಲ ಹುಟ್ಟಿದೆ. 2006ರ ಪಿಎಸ್2 ಆಟದಲ್ಲಿ ಆರೂ ಪಾತ್ರಗಳಿಗೆ ಒಂದೇ ಲೈಸೆನ್ಸ್ ಬೋರ್ಡ್ (ಪಾಯಿಂಟ್ ಕೊಟ್ಟು ಆಯುಧ, ಮಂತ್ರ ಬಳಸೋ ಹಕ್ಕು ಕೊಳ್ಳೋ ಹಲಗೆ). ಯಾರು ಏನನ್ನಾದರೂ ಕಲೀಬಹುದು, ಹಾಗಾಗಿ ಕೊನೆಗೆ ಎಲ್ಲರೂ ಒಂದೇ ಥರ ಆಗಿಬಿಡ್ತಿದ್ದರು. 2007ರಲ್ಲಿ ಜಪಾನಿಗೆ ಮಾತ್ರ ಬಂದ ಆವೃತ್ತಿ 12 ಜಾಬ್‌ಗಳನ್ನು (ಪಾತ್ರದ ಕಸುಬು, ಒಂದೊಂದಕ್ಕೂ ಬೇರೆ ಬೋರ್ಡ್) ತಂದಿತು. 2017ರ ಜುಲೈನಲ್ಲಿ ಪಿಎಸ್4ಗೆ ಬಂದ ಝೋಡಿಯಾಕ್ ಏಜ್ ಆ ಜಪಾನಿ ಆವೃತ್ತಿಯ ಮೇಲೆ ಕಟ್ಟಿದ್ದು. ಒಬ್ಬೊಬ್ಬರಿಗೆ ಎರಡು ಜಾಬ್ ಕೊಟ್ಟಿದ್ದು ಇದರಲ್ಲೇ ಮೊದಲು. ಪಿಸಿಗೆ 2018ರ ಫೆಬ್ರವರಿಯಲ್ಲಿ, ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ 2019ರ ಏಪ್ರಿಲ್‌ನಲ್ಲಿ ಬಂತು.

‘ಒಮ್ಮೆ ಜಾಬ್ ಆರಿಸಿದರೆ ಮುಗೀತು, ಬದಲಾಯಿಸೋಕೆ ಆಗಲ್ಲ, 40 ಗಂಟೆ ಆಡಿದ ಮೇಲೆ ಅಳಬೇಕು’ ಅನ್ನೋ ದೂರು ಎಲ್ಲೆಲ್ಲೂ ಕಾಣುತ್ತೆ. ಅದು ಪಿಎಸ್4ರ ಮೊದಲ ದಿನಗಳಲ್ಲಿ ಪೂರ್ತಿ ನಿಜ. ಸ್ವಿಚ್ ಆವೃತ್ತಿಯಲ್ಲಿ ಜಾಬ್ ಅಳಿಸಿ ಮತ್ತೆ ಆರಿಸುವ ಸೌಲಭ್ಯ ಬಂತು, 2020ರ ಅಪ್‌ಡೇಟ್‌ನಲ್ಲಿ ಪಿಎಸ್4 ಮತ್ತು ಪಿಸಿಗೂ ಸಿಕ್ಕಿತು. ರಾಬನಾಸ್ಟರ್ ಊರಿನ ಕ್ಲ್ಯಾನ್ ಹಾಲ್‌ನಲ್ಲಿ ಮಾಂಟ್‌ಬ್ಲಾಂಕ್ ಅನ್ನೋ ಪಾತ್ರದ ಜೊತೆ ಮಾತಾಡಿದರೆ ಆಯ್ತು, ಖರ್ಚು ಮಾಡಿದ ಲೈಸೆನ್ಸ್ ಪಾಯಿಂಟ್ ವಾಪಸ್ ಬರುತ್ತೆ. ಅದೇ ಅಪ್‌ಡೇಟ್ ಒಬ್ಬೊಬ್ಬ ಪಾತ್ರಕ್ಕೆ 3 ಗ್ಯಾಂಬಿಟ್ ಪಟ್ಟಿ ಇಟ್ಟುಕೊಳ್ಳೋಕೂ ಬಿಡುತ್ತೆ. ಡಿಸ್ಕ್‌ನಲ್ಲಿ ಇರೋದು ಹಳೇ ಆವೃತ್ತಿ ಅನ್ನೋದನ್ನ ನೆನಪಿಡಿ, ನೆಟ್‌ಗೆ ಜೋಡಿಸಿ ಅಪ್‌ಡೇಟ್ ಹಾಕಿಕೊಳ್ಳದೆ ಶುರು ಮಾಡಬೇಡಿ.

ಇನ್ನೊಂದು ಹಳೇ ಭೂತ: ‘ಈ ನಾಲ್ಕು ಪೆಟ್ಟಿಗೆ ತೆರೆದರೆ ಝೋಡಿಯಾಕ್ ಸ್ಪಿಯರ್ ಅನ್ನೋ ಬಲಿಷ್ಠ ಈಟಿ ಕೈತಪ್ಪುತ್ತೆ.’ ಅದು ಪಿಎಸ್2 ಕಾಲದ ನಿಯಮ, ರೀಮಾಸ್ಟರ್‌ನಲ್ಲಿ ಇಲ್ಲ. ಹೆದರದೆ ಪೆಟ್ಟಿಗೆ ತೆರೀರಿ.

ಈಗ ‘ತಾನೇ ಆಡಿಕೊಳ್ಳುತ್ತೆ’ ಅನ್ನೋ ಮಾತಿಗೆ ಬರೋಣ, ಯಾಕಂದ್ರೆ ನಿಮಗೆ ಈ ಆಟ ಹಿಡಿಸುತ್ತೋ ಇಲ್ಲವೋ ಅನ್ನೋದು ಇದರ ಮೇಲೇ ನಿಂತಿದೆ. ಗ್ಯಾಂಬಿಟ್ ಅಂದರೆ ಒಂದು ಸಾಲಿನ ನಿಯಮ: ಯಾರಿಗೆ, ಯಾವ ಸ್ಥಿತಿಯಲ್ಲಿ, ಏನು ಮಾಡಬೇಕು. ಲೈಸೆನ್ಸ್ ಕೊಳ್ಳುತ್ತಾ ಹೋದರೆ ಒಬ್ಬೊಬ್ಬರಿಗೆ 12 ಸಾಲಿನವರೆಗೂ ಸಿಗುತ್ತೆ. ಆಟ ಪ್ರತಿ ಸಲ ಮೇಲಿನ ಸಾಲಿಂದ ನೋಡಿಕೊಂಡು ಬರುತ್ತೆ, ಯಾವ ಸಾಲಿನ ಷರತ್ತು ಮೊದಲು ಹೊಂದುತ್ತೋ ಅದನ್ನು ಮಾಡಿ ಮತ್ತೆ ಮೇಲಿಂದ ಶುರು ಮಾಡುತ್ತೆ. ಮಾಟುಂಗಾದ ಉಡುಪಿ ಹೋಟೆಲಿನ ಅಡುಗೆಮನೆ ನೆನಪಿಸಿಕೊಳ್ಳಿ. ಸಾಂಬಾರ್ ತಳ ಕಂಡರೆ ಮೊದಲು ಅದು, ಚಟ್ನಿ ಮುಗಿದರೆ ಆಮೇಲೆ ಅದು, ಎರಡೂ ಇದ್ದರೆ ದೋಸೆ ಹುಯ್ಯುತ್ತಾ ಇರು. ದೋಸೆಯನ್ನೇ ಮೊದಲ ನಿಯಮ ಮಾಡಿದರೆ ಸಾಂಬಾರ್ ಯಾವತ್ತೂ ಆಗಲ್ಲ, ಯಾಕಂದ್ರೆ ದೋಸೆ ಕೇಳೋರು ಯಾವಾಗಲೂ ಇರ್ತಾರೆ.

ಹೊಸಬರು ಮಾಡೋ ತಪ್ಪು ನಿಖರವಾಗಿ ಇದೇ. ‘ಫೋ: ಎನಿ, ಅಟ್ಯಾಕ್’ (ಯಾವ ಶತ್ರು ಇದ್ದರೂ ಹೊಡಿ) ಅನ್ನೋದನ್ನ ಮೇಲೆ ಇಡ್ತಾರೆ. ಎದುರಾಳಿ ಇರೋ ತನಕ ಆ ಸಾಲು ಹೊಂದುತ್ತಲೇ ಇರುತ್ತೆ, ಕೆಳಗಿನ ಕ್ಯೂರ್ (ಗಾಯ ವಾಸಿಮಾಡೋ ಮಂತ್ರ) ಸಾಲಿಗೆ ಸರದಿಯೇ ಬರಲ್ಲ. ಎಲ್ಲರೂ ಸತ್ತ ಮೇಲೆ ಗ್ಯಾಂಬಿಟ್ ದಡ್ಡ ಅಂತ ಬರೀತಾರೆ. ವೈದ್ಯ ಪಾತ್ರಕ್ಕೆ ನಾನು ಒಪ್ಪೋ ಕ್ರಮ ಹೀಗಿದೆ (ಅಲೈ ಅಂದರೆ ನಮ್ಮವರು, ಎಚ್‌ಪಿ ಅಂದರೆ ಪ್ರಾಣಶಕ್ತಿ; ಫೀನಿಕ್ಸ್ ಡೌನ್ ಬಿದ್ದವರನ್ನು ಎಬ್ಬಿಸೋ ವಸ್ತು, ಎಕೋ ಹರ್ಬ್ಸ್ ಸೈಲೆನ್ಸ್ ಕಳೆಯೋ ವಸ್ತು; ಕ್ಯೂರಾ ಕೂಡ ವಾಸಿಮಾಡೋ ಮಂತ್ರ, ಎಸುನಾ ಕೆಟ್ಟ ಸ್ಥಿತಿ ಕಳೆಯೋ ಮಂತ್ರ, ಪ್ರೊಟೆಕ್ಟ್ ರಕ್ಷಣೆಯ ಮಂತ್ರ):

ಅಲೈ: ಎನಿ, ಫೀನಿಕ್ಸ್ ಡೌನ್ (ಮುಂದೆ ರೇಸ್ ಮಂತ್ರ)
ಅಲೈ: ಎಚ್‌ಪಿ 40%ಗಿಂತ ಕಡಿಮೆ, ಕ್ಯೂರಾ
ಅಲೈ: ಎನಿ, ಎಕೋ ಹರ್ಬ್ಸ್
ಅಲೈ: ಎನಿ, ಎಸುನಾ
ಅಲೈ: ಎಚ್‌ಪಿ 70%ಗಿಂತ ಕಡಿಮೆ, ಕ್ಯೂರ್
ಅಲೈ: ಎನಿ, ಪ್ರೊಟೆಕ್ಟ್
ಫೋ: ಪಾರ್ಟಿ ಲೀಡರ್ಸ್ ಟಾರ್ಗೆಟ್, ಅಟ್ಯಾಕ್

ಮೊದಲ ಸಾಲು ನೋಡಿ ಗಾಬರಿ ಬೇಡ, ಫೀನಿಕ್ಸ್ ಡೌನ್ ಬದುಕಿರೋರ ಮೇಲೆ ಖರ್ಚಾಗಲ್ಲ, ಬಿದ್ದವರಿದ್ದರೆ ಮಾತ್ರ ಆ ಸಾಲು ಏಳುತ್ತೆ. ಪ್ರೊಟೆಕ್ಟ್ ಕೂಡ ಹಾಗೇ, ಈಗಾಗಲೇ ಇದ್ದವರಿಗೆ ಮತ್ತೆ ಹಾಕಲ್ಲ. ಎಕೋ ಹರ್ಬ್ಸ್ ಸಾಲನ್ನು ಬಿಟ್ಟುಬಿಡೋರೇ ಹೆಚ್ಚು, ಅಲ್ಲೇ ಸೋಲೋದು. ವೈದ್ಯನಿಗೆ ಸೈಲೆನ್ಸ್ (ಮಂತ್ರ ಹಾಕಲಾಗದ ಸ್ಥಿತಿ) ಬಿದ್ದರೆ ಮಂತ್ರದ ಸಾಲುಗಳೆಲ್ಲ ಒಟ್ಟಿಗೆ ಕೆಲಸ ನಿಲ್ಲಿಸ್ತವೆ, ಅವನು ಸುಮ್ಮನೆ ಹೊಡೀತಾ ನಿಲ್ತಾನೆ. ವಸ್ತು ಬಳಸೋ ಸಾಲು ಮಾತ್ರ ಆಗ ಉಳಿಯೋದು. ಇದೇ ಕಾರಣಕ್ಕೆ ಎರಡನೇ ಪಾತ್ರಕ್ಕೂ ಆ ಸಾಲು ಮತ್ತು ಫೀನಿಕ್ಸ್ ಡೌನ್ ಕೊಡಿ. ಇನ್ನು ಕ್ಯೂರ್ ಅನ್ನು 90%ಗೆ ಇಟ್ಟರೆ ಸಣ್ಣ ಗೀರು ಬಿದ್ದರೂ ಮಂತ್ರ ಸುರೀತಾರೆ, ದೊಡ್ಡ ಹೊಡೆತ ಬಿದ್ದಾಗ ಎಂಪಿ (ಮಂತ್ರಕ್ಕೆ ಬೇಕಾದ ಶಕ್ತಿ) ಇರಲ್ಲ. ಎಂಪಿ ನಡೀತಾ ನಡೀತಾ ತಾನೇ ತುಂಬುತ್ತೆ, ಆದ್ದರಿಂದ ಬಾಸ್ (ಘಟ್ಟದ ದೊಡ್ಡ ಶತ್ರು) ಕೋಣೆಗೆ ಹೋಗೋ ಮೊದಲು ಎರಡು ಸುತ್ತು ಓಡಾಡಿ.

ಹೊಡೆಯೋರಿಗೆ ‘ಪಾರ್ಟಿ ಲೀಡರ್ಸ್ ಟಾರ್ಗೆಟ್’ (ಲೀಡರ್ ಹೊಡೀತಿರೋ ಶತ್ರು) ಸಾಕು. ಕಾದಾಟದಲ್ಲಿರೋ ಮೂವರೂ ಒಂದೇ ಶತ್ರುವನ್ನು ಹೊಡೆದರೆ ಅದು ಬೇಗ ಬೀಳುತ್ತೆ, ಬಿದ್ದದ್ದು ತಿರುಗಿ ಹೊಡೆಯಲ್ಲ. ಲೀಡರ್‌ನ ಅಟ್ಯಾಕ್ ಸಾಲನ್ನು ಮಾತ್ರ ಆಫ್ ಮಾಡಿ, ಯಾರನ್ನು ಹೊಡೀಬೇಕು ಅಂತ ನೀವೇ ಆರಿಸಿ. ‘ಆಟ ತಾನೇ ನಡೆಯುತ್ತೆ’ ಅನ್ನೋ ಬೇಸರ ಅಲ್ಲಿಗೆ ಮುಕ್ಕಾಲು ಹೋಗುತ್ತೆ. ಕದಿಯೋದಕ್ಕೆ ‘ಫೋ: ಎಚ್‌ಪಿ 100%, ಸ್ಟೀಲ್’ ಅನ್ನೋದನ್ನ ಅಟ್ಯಾಕ್‌ನ ಮೇಲೆ ಇಡಿ, ಮೊದಲ ಪೆಟ್ಟು ಬಿದ್ದ ಕೂಡಲೇ ಅದು ತಾನೇ ನಿಲ್ಲುತ್ತೆ. ಬಾಸ್ ಹತ್ತಿರ ಮಾತ್ರ ಇದು ಉಪಯೋಗಕ್ಕೆ ಬರಲ್ಲ, ಉಳಿದವರು ಆಗಲೇ ಹೊಡೆದಿರ್ತಾರೆ. ಅಲ್ಲಿ ಕೈಯಿಂದ ಸ್ಟೀಲ್ ಕೊಡಿ.

ಬಯಲಲ್ಲಿ ತೇಲಾಡೋ ಬಣ್ಣದ ಉಂಡೆಗಳಿಗೆ ಎಲಿಮೆಂಟಲ್ ಅಂತಾರೆ. ಸುಮ್ಮನಿದ್ದರೆ ಅವೂ ಸುಮ್ಮನಿರ್ತವೆ, ಹತ್ತಿರದಲ್ಲಿ ಮಂತ್ರ ಹಾಕಿದರೆ ಮೈಮೇಲೆ ಬರ್ತವೆ. ನಿಮ್ಮ ವೈದ್ಯ ಗ್ಯಾಂಬಿಟ್ ಪ್ರಕಾರ ನಿಷ್ಠೆಯಿಂದ ಒಂದು ಕ್ಯೂರ್ ಹಾಕ್ತಾನೆ, ಅರ್ಧ ನಿಮಿಷದಲ್ಲಿ ಇಡೀ ತಂಡ ನೆಲಕ್ಕೆ. ಅಂಥದ್ದು ಕಂಡರೆ ವೈದ್ಯನ ಗ್ಯಾಂಬಿಟ್ ಅನ್ನು ಬ್ಯಾಟಲ್ ಮೆನುವಿನಿಂದ ಆಫ್ ಮಾಡಿ, ದಾಟಿ, ಮತ್ತೆ ಆನ್ ಮಾಡಿ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಇದರಲ್ಲಿ ಆಟ ಅಂದರೆ ಬಟನ್ ಒತ್ತೋದಲ್ಲ, ನಿಯಮ ಬರೆಯೋದು. ಬರೆದ ಪಟ್ಟಿ ಎಲ್ಲಿ ಒಡೆಯಿತು ಅಂತ ಹುಡುಕಿ ಒಂದು ಸಾಲನ್ನು ಮೇಲೆ ಕೆಳಗೆ ಸರಿಸಿದಾಗ, ಹತ್ತು ನಿಮಿಷದ ಹಿಂದೆ ನಿಮ್ಮನ್ನು ಸೋಲಿಸಿದ್ದ ಬಾಸ್ ಮಣಿಯೋದಿದೆಯಲ್ಲ, ಆ ಖುಷಿ ಬೇರೆ ಆಟಗಳಲ್ಲಿ ಸುಲಭಕ್ಕೆ ಸಿಗಲ್ಲ. ಆ ಕೆಲಸ ನಿಮಗೆ ಬೇಸರ ಅನಿಸುವಂಥದ್ದಾದರೆ, ಟೀಕಿಸಿದವರ ಮಾತೇ ನಿಮಗೆ ಸರಿ.

ಜಾಬ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 12 ಜಾಬ್, 6 ಪಾತ್ರ, ತಲಾ 2. ಎಲ್ಲವನ್ನೂ ಒಂದೊಂದೇ ಸಲ ಹಂಚಿದರೆ ಏನೂ ತಪ್ಪಿಹೋಗಲ್ಲ. ಜೋಡಿ ಮಾಡುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ವೈಟ್ ಮೇಜ್ (ವಾಸಿಮಾಡೋ ಮಂತ್ರಗಾರ) ಜೊತೆ ಮೆಷಿನಿಸ್ಟ್ (ಬಂದೂಕುಗಾರ) ಹಾಕಿದರೆ ವೈದ್ಯ ದೂರ ನಿಂತು ಬಂದೂಕು ಹಾರಿಸ್ತಾನೆ. ಬಂದೂಕಿನ ಪೆಟ್ಟು ಶತ್ರುವಿನ ಡಿಫೆನ್ಸ್ ನೋಡಲ್ಲ, ಹೊಡೆಯೋನ ಸ್ಟ್ರೆಂತ್ ಕೂಡ ಕೇಳಲ್ಲ, ಅದಕ್ಕೇ ದುರ್ಬಲ ಕೈಗೆ ಸರಿಹೋಗುತ್ತೆ. ಶಿಕಾರಿ ಜೊತೆ ಫೋಬ್ರೇಕರ್ ಹಾಕೋದು ಆಟಗಾರರು ಬಹಳ ಮೆಚ್ಚಿದ ಜೋಡಿ: ವೇಗದ ಆಯುಧಕ್ಕೆ ಭಾರದ ಕವಚ ಸೇರುತ್ತೆ. ಹೆವಿ ಆರ್ಮರ್ ಸ್ಟ್ರೆಂತ್ ಹೆಚ್ಚಿಸುತ್ತೆ, ಲೈಟ್ ಆರ್ಮರ್ ಎಚ್‌ಪಿ, ಮಿಸ್ಟಿಕ್ ಆರ್ಮರ್ ಮಂತ್ರಶಕ್ತಿ. ಬ್ಲ್ಯಾಕ್ ಮೇಜ್‌ಗೆ (ದಾಳಿಯ ಮಂತ್ರಗಾರ) ಹೆವಿ ಆರ್ಮರ್ ತೊಡಿಸಿ ಮಂತ್ರ ಸಾಲ್ತಿಲ್ಲ ಅನ್ನೋದು ಸಾಮಾನ್ಯ ತಪ್ಪು.

ಈ ಆಟದಲ್ಲಿ ಪ್ರಾಣಿ ಕೊಂದರೆ ದುಡ್ಡು ಬರಲ್ಲ, ಚರ್ಮ, ಹಲ್ಲು, ಎಲುಬು ಬರುತ್ತೆ, ಅದನ್ನು ಮಾರಬೇಕು. ಕೂಡಿಟ್ಟುಕೊಳ್ಳಬೇಡಿ. ಮಾರಿದ್ದರ ಲೆಕ್ಕ ಅಂಗಡಿಯವನ ಹತ್ತಿರ ಇರುತ್ತೆ, ಅದರ ಮೇಲೇ ಬಝಾರ್‌ನಲ್ಲಿ ಹೊಸ ಸಾಮಾನು ತೆರೆಯೋದು. ಒಂದೇ ಜಾತಿಯ ಶತ್ರುಗಳನ್ನು ಸತತವಾಗಿ ಕೊಂದರೆ ಚೈನ್ ಏರುತ್ತೆ, ಒಳ್ಳೇ ವಸ್ತು ಹೆಚ್ಚು ಬೀಳುತ್ತೆ, ನಡುವೆ ಬೇರೆ ಜಾತಿ ಕೊಂದರೆ ಚೈನ್ ಹರಿಯುತ್ತೆ. ಲುಸು ಗಣಿಯ ಸೇತುವೆಯ ಅಸ್ಥಿಪಂಜರಗಳು ಮೊದಲ ಘಟ್ಟದಲ್ಲಿ ಒಳ್ಳೇ ಆದಾಯ. ಬಾವಲಿ ಬಂದರೆ ಮುಟ್ಟದೆ ಮುಂದೆ ಹೋಗಿ. ಎರಡು ಪ್ರದೇಶ ದಾಟಿ ಹೋಗಿ ವಾಪಸ್ ಬಂದರೆ ಶತ್ರುಗಳು ಮತ್ತೆ ಹುಟ್ಟಿರ್ತಾರೆ.

‘ತುಂಬಾ ಸುಲಭ’ ಅನ್ನೋರು ಬಹುಶಃ 4 ಪಟ್ಟು ವೇಗದಲ್ಲಿ ಹೀಗೆ ಗಂಟೆಗಟ್ಟಲೆ ಲೆವೆಲ್ ಏರಿಸಿಕೊಂಡವರು. ರೀಮಾಸ್ಟರ್‌ನಲ್ಲಿ ಎಲ್1 ಒತ್ತಿದರೆ ವೇಗ 2 ಅಥವಾ 4 ಪಟ್ಟಾಗುತ್ತೆ, ಸೆಟ್ಟಿಂಗ್‌ನಲ್ಲಿ ಆರಿಸಬಹುದು. ದೊಡ್ಡ ಮರಳುಗಾಡು ದಾಟೋಕೆ ಇದು ವರ. ಕಾದಾಟದಲ್ಲಿ ಮಾತ್ರ 2ಕ್ಕೇ ನಿಲ್ಲಿಸಿ, 4ರಲ್ಲಿ ಏನು ತಪ್ಪಾಯ್ತು ಅಂತ ಕಣ್ಣಿಗೆ ಕಾಣಲ್ಲ, ಪಟ್ಟಿ ತಿದ್ದೋಕೂ ಆಗಲ್ಲ. 5 ಕೋಟಿಗೂ ಹೆಚ್ಚು ಎಚ್‌ಪಿ ಇರೋ ಯಿಯಾಜ್ಮತ್ ಥರದ ಬಾಸ್ ಎದುರು 4 ಪಟ್ಟು ನ್ಯಾಯವೇ. ಸವಾಲು ಬೇಕಾದರೆ ಮುಖ್ಯ ಮೆನುವಿನಲ್ಲಿ 100 ಹಂತದ ಟ್ರಯಲ್ ಮೋಡ್ ಇದೆ.

ಸುಳ್ಳಲ್ಲದ ದೂರುಗಳೂ ಇವೆ. ಮಧ್ಯಭಾಗದಲ್ಲಿ ಕಥೆ ಸೊರಗುತ್ತೆ, ನಿರ್ದೇಶಕ ಯಾಸುಮಿ ಮಾತ್ಸುನೋ 2005ರಲ್ಲಿ ಅರ್ಧದಲ್ಲೇ ಬಿಟ್ಟುಹೋದದ್ದಕ್ಕೆ ಇದನ್ನು ಜೋಡಿಸಿ ನೋಡೋರು ಬಹಳ. ವಾನ್ ನಾಯಕನಾದರೂ ಕಥೆ ಅವನದಲ್ಲ, ರಾಜಕುಮಾರಿ ಆಶೆ ಮತ್ತು ಯೋಧ ಬಾಶ್‌ನದು. ಅವನನ್ನು ನೋಡುಗ ಅಂತ ಒಪ್ಪಿಕೊಂಡರೆ ಕಥೆ ಚೆನ್ನಾಗಿ ಕೂರುತ್ತೆ. ಗಿರುವೆಗಾನ್‌ನಲ್ಲಿರೋ ಗ್ರೇಟ್ ಕ್ರಿಸ್ಟಲ್ ಅನ್ನೋ ಗೋಜಲು ಜಾಗಕ್ಕೆ ಆಟದಲ್ಲಿ ನಕ್ಷೆಯೇ ಇಲ್ಲ, ಕಾಗದ ಪೆನ್ನು ಇಟ್ಟುಕೊಳ್ಳಿ. ಪಿಎಸ್4ನಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ, 60 ಬೇಕಾದರೆ ಪಿಸಿ. ಇಂಗ್ಲಿಷ್ ಸಂಭಾಷಣೆ, ವಿಶೇಷವಾಗಿ ಅಲೆಕ್ಸಾಂಡರ್ ಸ್ಮಿತ್ ಅನುವಾದದ ಭಾಷೆ, ಬಹಳ ಚೆಂದ. ಹಿತೋಷಿ ಸಾಕಿಮೋಟೋ ಸಂಗೀತವನ್ನು ಮತ್ತೆ ವಾದ್ಯವೃಂದದಲ್ಲಿ ನುಡಿಸಿದ್ದಾರೆ, ಹಳೇದು ಬೇಕಾದವರಿಗೆ ಹಳೇದನ್ನೂ ಇಟ್ಟಿದ್ದಾರೆ.

ಡೆಕ್ಕನ್ ಕ್ವೀನ್‌ನಲ್ಲಿ ದಿನಾ ಮುಂಬೈಗೆ ಹೋಗಿಬರೋರಾದರೆ ಕೈಯಲ್ಲಿ ಹಿಡಿದು ಆಡಬಹುದಾದ ಸ್ವಿಚ್‌ನ ಆವೃತ್ತಿ ಯೋಚಿಸಿ, ಆದರೆ ಪಿಎಸ್4ರ ಸೇವ್ ಅಲ್ಲಿಗೆ ಬರಲ್ಲ. ಮನೆಯಲ್ಲೇ ಆಡೋದಾದರೆ ಗುರುವಾರದ ಕರೆಂಟ್ ಕಡಿತ ಗಮನದಲ್ಲಿರಲಿ: ಆಟೋಸೇವ್ ಆಗೋದು ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಮಾತ್ರ, ಉಳಿದದ್ದು ಸೇವ್ ಕ್ರಿಸ್ಟಲ್ ಹತ್ತಿರ ನೀವೇ ಮಾಡಬೇಕು. ಬಾಸ್ ಬಾಗಿಲ ಮುಂದೆ ಕ್ರಿಸ್ಟಲ್ ಕಂಡರೆ ಬಿಡಬೇಡಿ.

ಡಿಸ್ಕ್ ತಗೊಳ್ಳೋವಾಗ ತಪ್ಕೀರ್ ಗಲ್ಲಿಯ ಅಂಗಡಿಯಾಗಲಿ, ಆ್ಯಪ್‌ನಲ್ಲಿ ಸಿಕ್ಕ ಮಾರಾಟಗಾರನಾಗಲಿ, ತಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೀರಿದ್ದರೆ ಆಟ ಶುರುವಾಗಬಹುದು, ಇನ್‌ಸ್ಟಾಲ್ ಮಾತ್ರ ಅರ್ಧದಲ್ಲಿ ನಿಲ್ಲುತ್ತೆ. ಟೈಟಲ್ ಪರದೆ ತೋರಿಸಿದರೆ ಒಪ್ಪಬೇಡಿ. ಹಳೇ ಇನ್‌ಸ್ಟಾಲ್ ಅಳಿಸಿ ಹೊಸದಾಗಿ ಪೂರ್ತಿ ಆಗೋವರೆಗೂ ಕಾಯ್ತೀನಿ ಅನ್ನಿ. ಮನೆಗೆ ಬಂದ ಮೇಲೆ ಆಟದ ಚಿತ್ರದ ಮೇಲೆ ನಿಂತು ಆಪ್ಷನ್ಸ್ ಬಟನ್ ಒತ್ತಿ, ‘ಚೆಕ್ ಫಾರ್ ಅಪ್‌ಡೇಟ್’ ಆರಿಸಿ. ಡೌನ್‌ಲೋಡ್ ಮುಗಿದ ಮೇಲೇ ಹೊಸ ಆಟ ಶುರು ಮಾಡಿ.